ಪರವಾನಗಿಯಿಲ್ಲದೆ ಕಟ್ಟಿದ ತಾರಸಿ ಕೋಣೆ, ಶೆಡ್ಡು: ಈಗ ಮಂಜೂರಾತಿ ಪಡೆಯುವುದು ಹೇಗೆ?

ತಾರಸಿಮನೆ:
ಕೊಂಡ ಮನೆಯ ನೆಲಮಹಡಿಗೆ ಮಂಜೂರಾದ ನಕ್ಷೆ ಇದೆ. ಹಿಂದಿನ ಮಾಲೀಕರು ತಾರಸಿ ಮೇಲೆ ಆರ್‌ಸಿಸಿ ಚಾವಣಿಯ ಕೋಣೆ, ಬಚ್ಚಲು, ಹೊರಗಿನಿಂದ ಮೆಟ್ಟಿಲು ಕಟ್ಟಿಸಿದ್ದಾರೆ. ಹಿತ್ತಲಲ್ಲಿ ಕಾಂಪೌಂಡಿಗೆ ಒತ್ತಿಕೊಂಡು ಶೀಟಿನ ಶೆಡ್ಡೂ ಇದೆ. ಯಾವುದಕ್ಕೂ ಪರವಾನಗಿಯಿಲ್ಲ, ತೆರಿಗೆ ಮಾತ್ರ ಕಟ್ಟುತ್ತ ಬಂದಿದ್ದಾರೆ. ಎಲ್ಲಿಂದ ಶುರು ಮಾಡಲಿ? ಕಂಬಿ ತೋರಿಸಲು ಗೋಡೆಯೆಲ್ಲ ಒಡೆಸುತ್ತಾರಾ? ಅರ್ಜಿಗೆ ಮುಂಚೆ ಬಿರುಕು ಮುಚ್ಚಿ ಬಣ್ಣ ಹೊಡೆಸಿಬಿಡಲಾ?

ನಕ್ಷೆಮೇಜು:
ಬಣ್ಣ ಬೇಡ. ಮುಚ್ಚಿದ ಬಿರುಕನ್ನು ತಪಾಸಣೆಗೆ ಬಂದವರು ಮತ್ತೆ ಕೆರೆಸುತ್ತಾರೆ, ಜೊತೆಗೆ ಏನೋ ಬಚ್ಚಿಟ್ಟಿದ್ದಾರೆಂಬ ಅನುಮಾನವೂ ಹುಟ್ಟುತ್ತದೆ. ತೆರಿಗೆ ರಸೀದಿ ಪರವಾನಗಿಯಾಗದು. ಆದರೂ ಎಸೆಯಬೇಡಿ, ಕಟ್ಟಡ ಯಾವ ವರ್ಷದ್ದು ಎಂಬುದಕ್ಕೆ ಅದು ಸಾಕ್ಷಿ. ಹಳೆಯ ಉಪಗ್ರಹ ಚಿತ್ರ, ವಿದ್ಯುತ್ ಬಿಲ್ಲುಗಳನ್ನೂ ಜೋಡಿಸಿಡಿ. ಕಟ್ಟಿದಾಗಿನ ನಿಯಮ ಅನ್ವಯವೋ ಇಂದಿನದೋ ಎಂಬ ಪ್ರಶ್ನೆ ಬಂದಾಗ ಇವೇ ಬೇಕಾಗುವುದು. ಅದನ್ನು ಬಾಯಿಮಾತಲ್ಲಿ ಕೇಳಿ ನಂಬಬೇಡಿ, ಬರಹದಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆಯಿರಿ.

ಮೊದಲ ಕೆಲಸ ಸರ್ವೇ. ಕಾಂಪೌಂಡ್ ಗೋಡೆಯಿಂದ ಟೇಪು ಹಿಡಿದರೆ ಉಪಯೋಗವಿಲ್ಲ, ಗೋಡೆಯೇ ಗಡಿಯಿಂದ ಆಚೀಚೆ ಇರಬಹುದು. ಗಡಿಕಲ್ಲಿನಿಂದ ಕಟ್ಟಡದ ಪ್ರತಿ ಮೂಲೆಗೆ, ಹೊರಚಾಚಿದ ಸಜ್ಜೆಯ ಅಂಚಿಗೂ, ಅಳತೆ ಬೇಕು. ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡಕ್ಕೆ ಬಿಡಬೇಕಾದ ಖಾಲಿ ಜಾಗ), ಒಟ್ಟು ಎತ್ತರ, ನಿವೇಶನದಲ್ಲಿ ಕಟ್ಟಡ ಆವರಿಸಿದ ಪಾಲು, ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ: ಈ ನಾಲ್ಕರಲ್ಲಿ ಯಾವುದು ಮಿತಿ ಮೀರಿದೆ ಎಂದು ಗೊತ್ತಾಗುವವರೆಗೆ ಎಂಜಿನಿಯರ್‌ಗೆ ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ಜಾಗದ ನಿಯಮಕ್ಕೇ ಕೂರದ ಕೋಣೆ ಎಷ್ಟು ಗಟ್ಟಿಯಿದ್ದರೇನು?

ಆಮೇಲೆ ಇದ್ದದ್ದು ಇದ್ದಂತೆ ನಕ್ಷೆ. ಮಂಜೂರಾದ ಭಾಗ, ಪರವಾನಗಿಯಿಲ್ಲದ ಭಾಗ, ಕೆಡವಲು ಒಪ್ಪುವ ಭಾಗ, ಮೂರಕ್ಕೂ ಬೇರೆ ಬೇರೆ ಗೆರೆ. ಅರ್ಜಿ ಕೆಡುವುದು ಹೆಚ್ಚಾಗಿ ಇಲ್ಲೇ. ನಿಯಮದಲ್ಲಿ ಸೆಟ್‌ಬ್ಯಾಕ್ 3 ಮೀಟರ್ ಎಂದಿದೆಯೆಂದು ನಕ್ಷೆಯಲ್ಲೂ 3 ಬರೆಯುತ್ತಾರೆ, ಸ್ಥಳದಲ್ಲಿ 2.6 ಇರುತ್ತದೆ. 2.6 ಎಂದೇ ಬರೆದು ವಿನಾಯಿತಿ ಕೇಳಿದರೆ ಅದೊಂದು ಕೊರತೆ. 3 ಎಂದು ಬರೆದರೆ ಸುಳ್ಳು ಹೇಳಿಕೆ.

ಕಂಬಿಲೆಕ್ಕ:
ಗೋಡೆಯೆಲ್ಲ ಒಡೆಯಬೇಕಿಲ್ಲ. ನಿಮ್ಮ ವಿಷಯದಲ್ಲಿ ದೊಡ್ಡ ಪ್ರಶ್ನೆ ಮೇಲಿನ ಕೋಣೆಯದ್ದಲ್ಲ, ಕೆಳಗಿನ ಪಾಯದ್ದು. ನೆಲಮಹಡಿಯ ಮೂಲ ನಕ್ಷೆಯಲ್ಲಿ ಮೇಲಂತಸ್ತಿನ ಭಾರ ಲೆಕ್ಕ ಹಿಡಿದಿದ್ದರೇ ನೋಡಿ. ಮೇಲಿನ ಪಿಲ್ಲರ್ ಕೆಳಗಿನ ಪಿಲ್ಲರ್ ನೆತ್ತಿಯಲ್ಲೇ ಕೂತಿದೆಯೋ, ಬೀಮಿನ ನಡುವೆ ಎದ್ದಿದೆಯೋ? ಬೀಮಿಲ್ಲದ ಕಡೆ ಸ್ಲ್ಯಾಬ್ ಮೇಲೆಯೇ ಇಟ್ಟಿಗೆ ಗೋಡೆ ಏರಿಸಿರುವುದೂ ಉಂಟು. 230 ಮಿ.ಮೀ. ದಪ್ಪ, 3 ಮೀಟರ್ ಎತ್ತರದ ಗೋಡೆ ಪ್ಲಾಸ್ಟರ್ ಸೇರಿ ಉದ್ದದ ಪ್ರತಿ ಮೀಟರಿಗೆ ಸುಮಾರು ಒಂದೂವರೆ ಟನ್ ತೂಗುತ್ತದೆ. ಚಾವಣಿ ಹೊರದ ಗೋಡೆಯಾದರೆ ಅದನ್ನು ತೆಗೆದು 100 ಮಿ.ಮೀ. ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಬ್ಲಾಕ್) ಕಟ್ಟಿದರೆ ಭಾರ ಮೂರನೇ ಒಂದು ಪಾಲಿಗೂ ಕೆಳಗಿಳಿಯುತ್ತದೆ.

ಪಾಯ ನೋಡಲು ಒಂದು ಮೂಲೆ ಪಿಲ್ಲರ್, ಒಂದು ನಡು ಪಿಲ್ಲರ್ ಪಕ್ಕ ಗುಂಡಿ ತೋಡಿಸಿ. ಒಂದನ್ನು ಅಳೆದು ಮುಚ್ಚಿದ ಮೇಲೆಯೇ ಇನ್ನೊಂದು. ಫುಟಿಂಗ್‌ನ (ಪಿಲ್ಲರ್ ಕೆಳಗಿನ ಅಗಲ ಪಾದ) ತಳ ಕಂಡ ಕೂಡಲೇ ನಿಲ್ಲಿಸಬೇಕು, ಅದರಡಿಯ ಮಣ್ಣು ಕೆದಕಬಾರದು.

ಕಂಬಿಗೆ ಕವರ್ ಮೀಟರ್ ಇದೆ, ಒಡೆಯದೆ ಕಾಂಕ್ರೀಟಿನ ಮೇಲೆ ಹಿಡಿದು ನೋಡುವ ಉಪಕರಣ. ಅದು ಕಂಬಿಯ ಜಾಗ, ಆಳ ಚೆನ್ನಾಗಿ ಹೇಳುತ್ತದೆ, ದಪ್ಪವನ್ನಲ್ಲ. ಕಂಬಿಗಳು ಒತ್ತಾಗಿದ್ದರೆ ಅಥವಾ ಲ್ಯಾಪ್ (ಎರಡು ಕಂಬಿ ಪಕ್ಕಪಕ್ಕ ಸೇರುವ ಜೋಡಣೆ) ಇದ್ದರೆ ತಪ್ಪುತ್ತದೆ. ಹಾಗಾಗಿ ಪಿಲ್ಲರ್ ಬುಡದಲ್ಲಿ ಒಂದು ಮೂಲೆಯನ್ನು 30 ಸೆಂ.ಮೀ. ಎತ್ತರ ಕೆತ್ತಿ ವರ್ನಿಯರ್‌ನಲ್ಲಿ ಅಳೆಯುವುದು ವಾಸಿ. ಅಲ್ಲೇ ಕಂಬಿಗಳನ್ನು ಸುತ್ತಿ ಕಟ್ಟಿದ ರಿಂಗ್‌ಗಳನ್ನೂ ನೋಡಿ: ಬುಡದಲ್ಲಿ ಅಂತರ ಕಿರಿದಾಗಿದೆಯೇ, ಕೊಂಡಿ 135 ಡಿಗ್ರಿ ಒಳಕ್ಕೆ ಬಾಗಿದೆಯೇ, 90ಕ್ಕೇ ಬಿಟ್ಟಿದ್ದಾರೆಯೇ? ಹಾಗೆ ಒಡೆದ ಹಸಿ ಮುಖದ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರಗುಣವಿರುವ ಕಾಂಕ್ರೀಟ್ ಗಾಢ ಗುಲಾಬಿಯಾಗುತ್ತದೆ. ಬಣ್ಣ ಬರದ ಪದರ ಕಂಬಿಯವರೆಗೂ ಹೋಗಿದ್ದರೆ ತುಕ್ಕು ತಡೆಯುವ ಕ್ಷಾರ ಅಲ್ಲಿ ಮುಗಿದಿದೆ ಎಂದೇ ಲೆಕ್ಕ.

ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಪುಟಿತದಿಂದ ಬಲ ಅಂದಾಜಿಸುವ ಸಾಧನ) ವರದಿಯೊಂದನ್ನೇ ಹಿಡಿದು ಹೋಗಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಕಾರ್ಬನೇಟ್ ಆದ ಹಳೆಯ ಮೇಲ್ಮೈ ಗಡುಸಾಗಿರುವುದರಿಂದ ಇಲ್ಲದ ಬಲ ತೋರಿಸುತ್ತದೆ. ಕನಿಷ್ಠ ಮೂರು ಕೋರ್ (ಕೊರೆದು ತೆಗೆದ ಕಾಂಕ್ರೀಟ್ ಉರುಳೆ) ತೆಗೆಸಿ ಪರೀಕ್ಷಿಸಿ. ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456, ಅಮೆರಿಕದ ಎಸಿಐ 318 ಎರಡರಲ್ಲೂ ಅಳತೆಗೋಲು ಒಂದೇ: ಸರಾಸರಿ ನಿಗದಿತ ಬಲದ ಶೇ. 85 ಇರಬೇಕು, ಯಾವ ಒಂದು ಕೋರ್ ಕೂಡ ಶೇ. 75ಕ್ಕಿಂತ ಕೆಳಗಿರಬಾರದು.

ತಾರಸಿಮನೆ:
ಕೋರ್ ಕೊರೆದರೆ ಇರುವ ಬಲವೂ ಹೋಗುವುದಿಲ್ಲವಾ ಸರ್?

ಕಂಬಿಲೆಕ್ಕ:
ಕವರ್ ಮೀಟರಲ್ಲಿ ಕಂಬಿ ಗುರುತಿಸಿ, ಅದನ್ನು ತಪ್ಪಿಸಿ, ಒತ್ತಡ ಕಡಿಮೆಯಿರುವ ಕಡೆ ಕೊರೆದರೆ ಹೋಗುವುದಿಲ್ಲ. ಅದೇ ದಿನ ಕುಗ್ಗದ ಗ್ರೌಟ್ ತುಂಬಿಸಿ. ಸಣ್ಣ ಪಿಲ್ಲರ್‌ಗೆ ಮಾತ್ರ ಕೈ ಹಾಕಿಸಬೇಡಿ.

ಸ್ವಿಚ್‌ಬೋರ್ಡ್:
ವೈರಿಂಗ್ ಮರೆಯಬೇಡಿ. ಮೇಲಿನ ಕೋಣೆಗೆ ಕೆಳಗಿನ ಯಾವುದೋ ಪಾಯಿಂಟಿಂದ ಲೈನ್ ಎಳೆದಿರುತ್ತಾರೆ, ಗೀಸರ್ ಕೂಡ ಅದರಲ್ಲೇ. ಬೇರೆ ಸರ್ಕ್ಯೂಟ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಸರಿಯಾದ ಆರ್ಥಿಂಗ್ ಬೇಕು. 500 ವೋಲ್ಟ್ ಡಿಸಿಯಲ್ಲಿ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದಾಗ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ದೋಷ ಎಲ್ಲಿದೆ ಎಂದು ಹುಡುಕಿ ಸರಿಪಡಿಸಲೇಬೇಕು. ಅಳೆಯುವ ಮುಂಚೆ ಎಲೆಕ್ಟ್ರಾನಿಕ್ ಸಾಮಾನೆಲ್ಲ ಕಳಚಿ, ಇಲ್ಲದಿದ್ದರೆ ಸುಟ್ಟುಹೋಗುತ್ತವೆ.

ಹಿತ್ತಲಬೇಲಿ:
ಶೆಡ್ಡಿಗೆ ಪಕ್ಕದವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡರೆ ಸಾಕಲ್ಲ?

ನಕ್ಷೆಮೇಜು:
ಸಾಲದು. ಸೆಟ್‌ಬ್ಯಾಕ್ ಇರುವುದು ಬೆಂಕಿ ಹಬ್ಬದಿರಲಿ, ಗಾಳಿಬೆಳಕು ಸಿಗಲಿ ಎಂದು. ಅದನ್ನು ಬಿಟ್ಟುಕೊಡಲು ಪಕ್ಕದವರಿಗೆ ಅಧಿಕಾರವಿಲ್ಲ. ವಿನಾಯಿತಿ ವಿಚಾರಣೆಯಲ್ಲಿ ಆ ಪತ್ರ ತಕರಾರಿಲ್ಲ ಎಂದು ತೋರಿಸೀತು, ಅಷ್ಟೇ. ಶೆಡ್ಡನ್ನು ಉಳಿಸಲು ಹೋರಾಡಬೇಡಿ ಅನ್ನುವುದು ನನ್ನ ಸಲಹೆ. ಬೋಲ್ಟ್ ಬಿಚ್ಚಿದರೆ ಮುಗಿಯಿತು. ತೆರವು ಮಾಡಿ ಫೋಟೊ ಸಮೇತ ಅರ್ಜಿ ಕೊಟ್ಟರೆ ಕಡತದಲ್ಲಿ ಕೋಣೆ, ಮೆಟ್ಟಿಲು ಮಾತ್ರ ಉಳಿಯುತ್ತವೆ. ಮೆಟ್ಟಿಲಿನ ಎತ್ತರಗಳನ್ನು ಒಂದೊಂದಾಗಿ ಅಳೆದಿಡಿ. ಮೇಲಿನ ಕೊನೆಯ ಮೆಟ್ಟಿಲು ಉಳಿದವಕ್ಕಿಂತ ಗಿಡ್ಡವೋ ಉದ್ದವೋ ಆಗಿರುವುದು ಬಹಳ ಕಡೆ ಕಾಣುವ ದೋಷ.