ಬಾಯಲ್ಲಿ ಉತ್ತರವಿದೆ, ಹಾಳೆಯಲ್ಲಿ ಅಂಕವಿಲ್ಲ: ಮಕ್ಕಳಿಗೆ ಪರೀಕ್ಷೆ ಬರೆಯಲು ಕಲಿಸುವುದು ಹೇಗೆ?

ಪ್ರಶ್ನೆ (ಶಿಕ್ಷಕಿ, ಚಿತ್ತಾಪುರ ತಾಲ್ಲೂಕು):
ಶರಣು ಗುರುಗಳೇ. ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಎಂಟನೇ ತರಗತಿಯಲ್ಲಿ 31 ಮಕ್ಕಳಿದ್ದಾರೆ, ಹೆಚ್ಚಿನವರು ಈ ವರ್ಷ ಎನ್‌ಎಂಎಂಎಸ್ (ಎಂಟನೇ ತರಗತಿಯವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ) ಬರೆಯುತ್ತಾರೆ. ಪಾಠದ ಪ್ರಶ್ನೆ ಕೇಳಿದರೆ ಪಟಪಟನೆ ಹೇಳುವ ಮಕ್ಕಳು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟರೆ ಅರ್ಧವನ್ನೂ ಸರಿಯಾಗಿ ಬರೆಯುವುದಿಲ್ಲ. ಇದುವರೆಗೆ ಆರು ಪತ್ರಿಕೆ ಬಿಡಿಸಿದ್ದೇವೆ, ಅಂಕ ಇದ್ದಲ್ಲಿಯೇ ಇದೆ. ಇನ್ನಷ್ಟು ಪತ್ರಿಕೆ ಬಿಡಿಸಬೇಕೇ, ಅಥವಾ ಪರೀಕ್ಷೆ ಬರೆಯುವುದನ್ನೇ ಬೇರೆಯಾಗಿ ಕಲಿಸಬೇಕೇ?

ಉತ್ತರ (ನಿವೃತ್ತ ಶಿಕ್ಷಕ, ಕಲಬುರಗಿ):
ಶರಣು ಮೇಡಂ. ಏಳನೆಯ ಪತ್ರಿಕೆ ಸದ್ಯ ಕಪಾಟಿನಲ್ಲಿಯೇ ಇರಲಿ. ಬರೆದಿರುವ ಆರನ್ನು ಹೊರಗೆ ತೆಗೆಯಿರಿ. ಒಂದೊಂದು ತಪ್ಪಿನ ಮುಂದೆಯೂ ಅದು ಯಾವ ಬಗೆಯದೆಂದು ಮಕ್ಕಳೇ ಗುರುತು ಹಾಕಲಿ: ಪಾಠವೇ ಗೊತ್ತಿರಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದರೇ, ಉತ್ತರ ಗೊತ್ತಿದ್ದೂ ಉತ್ತರಹಾಳೆಯಲ್ಲಿ ಬೇರೆ ವೃತ್ತ ತುಂಬಿದರೇ, ಸಮಯ ಮುಗಿಯಿತೇ. ನನ್ನ ತರಗತಿಗಳಲ್ಲಿ ಎರಡನೆಯದೇ ದೊಡ್ಡ ರಾಶಿ ಆಗುತ್ತಿತ್ತು.

ಒಂದು ಪ್ರಶ್ನೆ ಕೊಡುತ್ತೇನೆ, ನಾಳೆಯೇ ಹಲಗೆಯ ಮೇಲೆ ಬರೆಯಿರಿ: ‘ಕೆಳಗಿನವುಗಳಲ್ಲಿ ಕೃಷ್ಣಾ ನದಿಯ ಉಪನದಿ ಅಲ್ಲದ್ದು ಯಾವುದು? ಭೀಮಾ, ಮಲಪ್ರಭಾ, ತುಂಗಭದ್ರಾ, ಮಾಂಜ್ರಾ.’ ನಮ್ಮ ಮಕ್ಕಳಿಗೆ ಭೀಮೆ ಮನೆಯ ನದಿ. ಕೃಷ್ಣೆಯ ಪಕ್ಕದಲ್ಲಿ ಅದರ ಹೆಸರು ಕಂಡ ಕೂಡಲೇ ಗುರುತು ಹಾಕಿ ಮುಂದಕ್ಕೆ ಓಡುತ್ತಾರೆ. ಮಾಂಜ್ರಾ ಗೋದಾವರಿಯನ್ನು ಸೇರುತ್ತದೆಂದು ಅವರಿಗೆ ಗೊತ್ತಿಲ್ಲವೆಂದಲ್ಲ, ‘ಅಲ್ಲದ್ದು’ ಎಂಬುದು ಕಣ್ಣಿಗೇ ಬಿದ್ದಿರುವುದಿಲ್ಲ. ‘ಅಲ್ಲದ’, ‘ಹೊರತುಪಡಿಸಿ’, ‘ಸರಿಹೊಂದದ’, ‘ಕ್ರಮವಾಗಿ’ ಇವು ಮನೆಯಲ್ಲಿ ಯಾರೂ ಆಡದ ಮಾತುಗಳು. ಮನೆಮಾತು ಲಂಬಾಣಿ, ಉರ್ದು ಅಥವಾ ಮರಾಠಿ ಆಗಿರುವ ಮಗುವಿಗಂತೂ ಇನ್ನೂ ದೂರ. ಇಂಥ ಪದ ಕಂಡಲ್ಲೆಲ್ಲ ಪ್ರಶ್ನೆಪುಸ್ತಿಕೆಯಲ್ಲಿ ಅದರ ಕೆಳಗೆ ಗೆರೆ ಎಳೆದ ಮೇಲೆಯೇ ಆಯ್ಕೆಗಳಿಗೆ ಇಳಿಯಬೇಕು ಎಂದು ಅಭ್ಯಾಸ ಮಾಡಿಸಿ.

ಇನ್ನು ಒಎಂಆರ್ ಹಾಳೆ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ 37ನೇ ಪ್ರಶ್ನೆ ಕಠಿಣವೆಂದು ಬಿಟ್ಟ, ಆದರೆ ಹಾಳೆಯಲ್ಲಿ 37ನೇ ಸಾಲನ್ನು ಬಿಡಲಿಲ್ಲ. 38ರ ಉತ್ತರ 37ರಲ್ಲಿ ಕುಳಿತಿತು, 39ರದು 38ರಲ್ಲಿ. ಕೊನೆಯಲ್ಲಿ ಒಂದು ಸಾಲು ಉಳಿದಾಗ ಅವನಿಗೆ ತಿಳಿಯಿತು. ಪೆನ್ನಿನಿಂದ ತುಂಬಿದ್ದನ್ನು ಅಳಿಸುವುದು ಹೇಗೆ? ಆ ಹುಡುಗ ಹೊರಗೆ ಬಂದಾಗಿನ ಮುಖ ನನಗೆ ಈಗಲೂ ನೆನಪಿದೆ. ಅಂದಿನಿಂದ ವೃತ್ತ ತುಂಬುವ ಮೊದಲು ಪ್ರಶ್ನೆಯ ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ಕಲಿಸಿದೆ. ಪ್ರತಿ ಹತ್ತನೆಯ ಪ್ರಶ್ನೆಗೆ ಪುಸ್ತಿಕೆ ಮತ್ತು ಹಾಳೆ ಎರಡರ ಮೇಲೂ ಬೆರಳಿಟ್ಟು ತಾಳೆ ನೋಡಬೇಕು.

ಸಮಯದ ಲೆಕ್ಕ ನಿಮಗೆ ಗೊತ್ತೇ ಇದೆ: ಮ್ಯಾಟ್‌ನಲ್ಲಿ (ಬೌದ್ಧಿಕ ಸಾಮರ್ಥ್ಯದ ಪತ್ರಿಕೆ) 90, ಸ್ಯಾಟ್‌ನಲ್ಲಿ (ಪಾಠವಿಷಯಗಳ ಪತ್ರಿಕೆ) 90 ಪ್ರಶ್ನೆ, ಒಂದೊಂದಕ್ಕೂ 90 ನಿಮಿಷ. ಸಂಖ್ಯಾಶ್ರೇಣಿಯೊಂದಕ್ಕೆ ಅಂಟಿಕೊಂಡು ಆರು ನಿಮಿಷ ಕಳೆಯುವವನು ಕೊನೆಯ ಐದು ಸುಲಭದ ಪ್ರಶ್ನೆಗಳನ್ನು ನೋಡುವುದೇ ಇಲ್ಲ. ಮೊದಲ ಸುತ್ತಿನಲ್ಲಿ ಬರುವುದನ್ನು ಮುಗಿಸಿ, ಬಿಟ್ಟವಕ್ಕೆ ಚುಕ್ಕೆ ಇಟ್ಟು, ಮತ್ತೆ ಹಿಂದಿರುಗಲಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಸಾಲೂ ಖಾಲಿ ಇರಬಾರದು. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುವ ವಿದ್ಯಾರ್ಥಿವೇತನ ಇದು. ಕೂಲಿ ಮಾಡುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಪ್ರಶ್ನೆ (ಶಿಕ್ಷಕ, ಸುರಪುರ ತಾಲ್ಲೂಕು):
ಸರ್, ಹತ್ತಿ ಬಿಡಿಸುವ ಕಾಲಕ್ಕೆ ನಮ್ಮಲ್ಲಿ ಅರ್ಧ ತರಗತಿ ಖಾಲಿಯಾಗುತ್ತದೆ, ಕೆಲವರು ಮನೆಯವರೊಂದಿಗೆ ಗುಳೆ ಹೋಗುತ್ತಾರೆ. ವಿಶೇಷ ತರಗತಿಗೆ ಸಮಯವಿಲ್ಲ, ದಿನವೂ ಜೆರಾಕ್ಸ್ ತೆಗೆಸಲು ಹಣವೂ ಇಲ್ಲ.

ಉತ್ತರ:
ವಿಶೇಷ ತರಗತಿ ಬೇಡ ಗುರುಗಳೇ. ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ, ಹಲಗೆಯ ಮೇಲೆ ಒಂದೇ ಪ್ರಶ್ನೆ. ‘ಸರಿ ಉತ್ತರ ಯಾವುದು’ ಎಂದು ಕೇಳಬೇಡಿ, ‘ಖಂಡಿತ ಆಗದ್ದು ಯಾವುದು, ಏಕೆ’ ಎಂದು ಕೇಳಿ. ಎರಡು ಆಯ್ಕೆ ಹೊಡೆದುಹಾಕಲು ಬಂದರೆ ಉಳಿದ ಎರಡರಲ್ಲಿ ಊಹಿಸಿದರೂ ನಷ್ಟವಿಲ್ಲ. ಒಎಂಆರ್ ನಮೂನೆಯನ್ನು ಮಗುವಿಗೆ ಒಂದರಂತೆ ಒಮ್ಮೆ ಜೆರಾಕ್ಸ್ ಮಾಡಿಸಿ ಪೆನ್ಸಿಲ್ಲಿನಿಂದ ತುಂಬಿಸಿ, ಅಳಿಸಿ ಮತ್ತೆ ಬಳಸಿ. ಕೊನೆಯ ವಾರ ಮಾತ್ರ ಪೆನ್ನು ಹಿಡಿಯಲಿ. ಗುಳೆಯ ಮಾತಿಗೆ ನನ್ನಲ್ಲಿ ಉಪಾಯವಿಲ್ಲ, ಸುಳ್ಳು ಸಮಾಧಾನ ಹೇಳುವುದಿಲ್ಲ. ಹಿಂದಿರುಗಿದ ಮಗುವನ್ನು ಅಂದಿನ ಪ್ರಶ್ನೆಯಿಂದಲೇ ಸೇರಿಸಿಕೊಳ್ಳಬಹುದು ಎಂಬುದಷ್ಟೇ ಈ ಕ್ರಮದ ಅನುಕೂಲ.

ಪ್ರಶ್ನೆ (ತಾಯಿ, ಬೀದರ್):
ನಮಸ್ಕಾರ ಸರ್. ಮಗಳು ಏಳನೇ ತರಗತಿ. ಸಮಾಜ ವಿಜ್ಞಾನದಲ್ಲಿ ಪುಟಗಟ್ಟಲೆ ಬರೆಯುತ್ತಾಳೆ, ಆದರೂ ಅಂಕ ಕಡಿಮೆ. ಪರೀಕ್ಷೆಯ ದಿನ ಅಂಗೈ ಬೆವರುತ್ತದೆ, ತಿಂಡಿ ಮುಟ್ಟುವುದಿಲ್ಲ.

ಉತ್ತರ:
ತಂಗೀ, ಪುಟಗಟ್ಟಲೆ ಬರೆಯುವುದೇ ತೊಂದರೆ ಇರಬಹುದು. ‘ಬಹಮನಿಯರ ಕಾಲದ ಎರಡು ಕಟ್ಟಡಗಳನ್ನು ಹೆಸರಿಸಿ’ ಎಂಬ ಪ್ರಶ್ನೆಗೆ ಒಬ್ಬಳು 1347ರಲ್ಲಿ ರಾಜ್ಯ ಹುಟ್ಟಿದಲ್ಲಿಂದ ಆರಂಭಿಸಿ ಹನ್ನೊಂದು ಸಾಲು ಬರೆದಿದ್ದಳು. ಅದರೊಳಗೆ ಕಟ್ಟಡ ಒಂದೇ ಒಂದು! ನಿಮ್ಮೂರಿನ ಮಹಮೂದ್ ಗವಾನನ ಮದರಸಾ, ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಎಂದು ಎರಡು ಸಾಲು ಬರೆದಿದ್ದರೆ ಪೂರ್ತಿ ಅಂಕ. ಹೆಸರಿಸಿ, ಕಾರಣ ಕೊಡಿ, ಹೋಲಿಸಿ, ವಿವರಿಸಿ ಇವು ನಾಲ್ಕು ಬೇರೆ ಬೇರೆ ಕೆಲಸಗಳು. ಅವಳ ಹಳೆಯ ಉತ್ತರಪತ್ರಿಕೆ ತೆಗೆದು ಜೊತೆಯಲ್ಲಿ ಕುಳಿತು, ಕೇಳಿದ್ದೇನು, ಬರೆದದ್ದೇನು ಎಂದು ಅವಳಿಂದಲೇ ಹೇಳಿಸಿ. ಬೈಯಬೇಡಿ.

ಭಯದ ವಿಷಯ. ಅವಳಿಗೆ ಚೆನ್ನಾಗಿ ಬರುವ ಪ್ರಶ್ನೆಯಿಂದ ಬರೆಯಲು ತೊಡಗಲಿ, ಸಂಖ್ಯೆ ಸರಿಯಾಗಿ ಹಾಕಿದರೆ ಕ್ರಮ ಹಿಂದುಮುಂದಾದರೂ ನಡೆಯುತ್ತದೆ. ತಿಂಡಿ ಸೇರದಿದ್ದರೆ ಒಂದು ಬಾಳೆಹಣ್ಣು ಸಾಕು, ಆದರೆ ನಮ್ಮ ಮಾರ್ಚ್ ಬಿಸಿಲಿನಲ್ಲಿ ನೀರಿನ ಬಾಟಲಿ ಮಾತ್ರ ಮರೆಯಬೇಡಿ. ಹೊರಗೆ ಬಂದ ಕೂಡಲೇ ಗೇಟಿನಲ್ಲಿ ನಿಂತು ‘ಎಷ್ಟು ಬರುತ್ತದೆ’ ಎಂದು ಲೆಕ್ಕ ಹಾಕಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇಂದೇ ಬಿಟ್ಟುಬಿಡಿ, ಮರುದಿನದ ಪತ್ರಿಕೆಯೂ ಅದರಿಂದ ಕೆಡುತ್ತದೆ. ವಾಂತಿ, ನಿದ್ದೆ ಇಲ್ಲದಿರುವುದು, ಶಾಲೆಗೇ ಹೋಗೆನೆನ್ನುವುದು ಮುಂದುವರಿದರೆ ಅದು ನನ್ನಂಥ ಮೇಷ್ಟರ ಕೈಯ ಕೆಲಸವಲ್ಲ. ವೈದ್ಯರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ.

ಅಭಿಪ್ರಾಯ (ಉಪನ್ಯಾಸಕ, ಯಾದಗಿರಿ):
ಗುರುಗಳೇ, ಇದೆಲ್ಲ ಅಂಕ ಗಿಟ್ಟಿಸುವ ಜಾಣತನವಲ್ಲವೇ? ಕಲಿಕೆ ಎಲ್ಲಿದೆ?

ಉತ್ತರ:
ಸುತ್ತುಗಳ ಲೆಕ್ಕ, ವೃತ್ತ ತುಂಬುವುದು ಜಾಣತನವೇ, ಒಪ್ಪುತ್ತೇನೆ. ಆದರೆ ‘ಅಲ್ಲದ್ದು’ ಎಂಬುದನ್ನು ಕಂಡು ನಿಂತು ಓದುವುದು ಕಲಿಕೆಯಲ್ಲದಿದ್ದರೆ ಇನ್ನಾವುದು ಸ್ವಾಮಿ? ಬ್ಯಾಂಕಿನ ಅರ್ಜಿಯಲ್ಲಿಯೂ ಅದೇ ಪದ ಬರುತ್ತದೆ.

ಶಿಕ್ಷಕಿ, ಚಿತ್ತಾಪುರ ತಾಲ್ಲೂಕು (ಮರುದಿನ):
ಗುರುಗಳೇ, ನದಿಯ ಪ್ರಶ್ನೆ ಬರೆದೆ. ಬಂದಿದ್ದ 28 ಮಕ್ಕಳಲ್ಲಿ 17 ಮಂದಿ ಭೀಮಾ ಎಂದರು. ಮಾಂಜ್ರಾ ಎಂದವರು 8.

ಉತ್ತರ:
ಆ ಎಂಟು ಮಂದಿಯನ್ನೂ ‘ಏಕೆ’ ಎಂದು ಕೇಳಿದಿರಾ ಮೇಡಂ? ಒಬ್ಬಿಬ್ಬರು ‘ಆ ಹೆಸರು ಕೇಳಿಯೇ ಇರಲಿಲ್ಲ, ಅದಕ್ಕೆ ಹಾಕಿದೆ’ ಎಂದಿರುತ್ತಾರೆ. ಅವರಿಗೆ ನಾಳೆ ನಕಾಶೆ ತೋರಿಸಿ, ಬೀದರ್ ಜಿಲ್ಲೆಯಲ್ಲಿ ಮಾಂಜ್ರಾದ ಗೆರೆಯ ಮೇಲೆ ಬೆರಳು ಓಡಿಸಲಿ.