ಅಪ್‌ಡೇಟ್: ಆ ಹಿತ್ತಾಳೆ ಗಂಟೆಯ ಜಾಡು ಸ್ವಲ್ಪ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಇಂಗ್ಲೆಂಡಿನಲ್ಲಿ ನಾನು ಪಾರ್ಟ್ ಟೈಮ್ ಕೆಲಸ ಮಾಡುವ ಸಣ್ಣ ಮ್ಯೂಸಿಯಂನಲ್ಲಿ ಗೇಣುದ್ದದ ಒಂದು ಹಿತ್ತಾಳೆ ಗಂಟೆ ಇದೆ. ರಿಜಿಸ್ಟರಿನಲ್ಲಿ ಇರೋದು 'ಪಶ್ಚಿಮ ಆಫ್ರಿಕಾ, ದಾನ, 1931' ಅಷ್ಟೇ. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ರಾಜ್ಯದ (ಅದು ಈಗಿನ ನೈಜೀರಿಯಾದಲ್ಲಿದೆ) ಅರಮನೆಯಿಂದ ಲೂಟಿ ಹೊಡೆದ ಸಾಮಾನಾ ಇದು ಅನ್ನೋದು ನನ್ನ ಪ್ರಶ್ನೆ.

'ಕಡತ ಬಿಡಿ, ಮೊದಲು ಗಂಟೆ ತಿರುಗಿಸಿ ನೋಡಿ' ಎಂದವರಿಗೆ ದೊಡ್ಡ ಥ್ಯಾಂಕ್ಸ್. ಟಾರ್ಚ್ ಹಿಡಿದು ಒಳಗೆ ನೋಡಿದರೆ, ಧೂಳಿನ ಅಡಿಯಲ್ಲಿ ಬಿಳಿ ಬಣ್ಣದ ಒಂದು ನಂಬರ್! ನಮ್ಮ ಮ್ಯೂಸಿಯಂನದ್ದಲ್ಲ. ಆ ಲೂಟಿಯ ನಂತರದ ವರ್ಷಗಳಲ್ಲಿ ಡಬ್ಲ್ಯೂ. ಡಿ. ವೆಬ್‌ಸ್ಟರ್ ಅನ್ನೋ ವ್ಯಾಪಾರಿ ಕ್ಯಾಟಲಾಗ್ ಅಚ್ಚು ಹಾಕಿಸಿ ಬೆನಿನ್ ವಸ್ತುಗಳನ್ನು ಮಾರುತ್ತಿದ್ದ. ಅದರಲ್ಲಿ ಇದೇ ನಂಬರಿನ ಎದುರು 'ಗಂಟೆ' ಅಂತಿದೆ. ಚಿತ್ರ ಇಲ್ಲ, ಹಾಗಾಗಿ ನೂರಕ್ಕೆ ನೂರು ಅಂತ ಹೇಳಲಾರೆ.

ಆಮೇಲೆ 2022ರಲ್ಲಿ ಶುರುವಾದ 'ಡಿಜಿಟಲ್ ಬೆನಿನ್' ವೆಬ್‌ತಾಣದಲ್ಲಿ ಹುಡುಕುತ್ತಾ ಕೂತೆ. 130ಕ್ಕೂ ಜಾಸ್ತಿ ಸಂಸ್ಥೆಗಳಲ್ಲಿರುವ 5,000ಕ್ಕೂ ಜಾಸ್ತಿ ಬೆನಿನ್ ವಸ್ತುಗಳ ವಿವರ ಅಲ್ಲಿದೆ. ನಾಲ್ಕು ಬದಿಯ ಇಂಥ ಗಂಟೆಗಳು ಬೇಕಾದಷ್ಟು ಸಿಕ್ಕವು. ತೀರಿಹೋದ ಹಿರಿಯರ ಪೂಜಾಪೀಠದ ಮೇಲೆ ಇಟ್ಟು, ಅವರನ್ನು ಕರೆಯಲು ಬಾರಿಸುತ್ತಿದ್ದರಂತೆ. ನಮ್ಮ ದೇವರಕೋಣೆ ಗಂಟೆ ನೆನಪಾಗಿ ಒಂಥರಾ ಆಯ್ತು.

ವ್ಯಾಪಾರಿಯ ಕೈಯಿಂದ 1931ರ ದಾನಿಯ ತನಕದ ಮೂವತ್ತು ವರ್ಷ ಇನ್ನೂ ಖಾಲಿ. 'ಸುಮ್ನೆ ಯಾಕೆ ಕೆದಕ್ತೀಯ' ಎನ್ನುತ್ತಿದ್ದ ಮೇಲಿನವರು ಈಗ ಲೇಬಲ್ ಬದಲಿಸಲು ಒಪ್ಪಿದ್ದಾರೆ. ನೈಜೀರಿಯಾದ ಮ್ಯೂಸಿಯಂ ಆಯೋಗಕ್ಕೆ ಪತ್ರವೂ ರೆಡಿ. ಸೋಮವಾರ ಹೋಗುತ್ತೆ.