ಪದಚರ್ಚೆ: ‘ಪಬ್ಲಿಕ್ ಹೌಸಿಂಗ್’ಗೆ ಫಲಕದ ಮೇಲೆ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾಡಿದ್ದು ಒಂದು ಚಿತ್ರಪ್ರದರ್ಶನ ಇದೆ. ನಗರಾಡಳಿತಗಳು ತಾವೇ ಕಟ್ಟಿ ಬಾಡಿಗೆಗೆ ಕೊಟ್ಟ ಮನೆಗಳ ಚಿತ್ರಗಳು. ವಿಯೆನ್ನಾ, ಲಂಡನ್ನಿನವೇ ಜಾಸ್ತಿ. ಬಾಗಿಲ ಬಳಿಯ ಫಲಕಕ್ಕೆ ನಾನು ಬರೆದದ್ದು ಹೀಗಿದೆ: ‘ಸಾರ್ವಜನಿಕ ವಸತಿ ಹಾಗೂ ಸಮುದಾಯ ನಿರ್ಮಾಣದಲ್ಲಿ ಸ್ಥಳೀಯ ಸರ್ಕಾರದ ಪಾತ್ರ’. ತಪ್ಪೇನೂ ಇಲ್ಲ, ಆದರೆ ಓದಿದವರ ಮನಸ್ಸಿಗೆ ಒಂದು ಮನೆಯೂ ಬರುವುದಿಲ್ಲ. ನಾಳೆ ಸಂಜೆಯೊಳಗೆ ಫಲಕ ಬರೆಯುವವರಿಗೆ ಕೊಡಬೇಕು. ದಯವಿಟ್ಟು ಬೇಗ ಹೇಳಿ.

ಮರು 1
ಆರು ಸಂಸ್ಕೃತ ಪದ, ಒಂದು ಪಾರ್ಸಿ. ಕನ್ನಡದ್ದು ‘ಹಾಗೂ’ ಒಂದೇ. ‘ಊರಾಳ್ವಿಕೆ ಕಟ್ಟಿದ ಮನೆಗಳು’ ಎಂದು ಬರೆಯಿರಿ. ಸಾಕು.

ಮರು 2
‘ಊರಾಳ್ವಿಕೆ’ ಯಾರ ಬಾಯಲ್ಲಿದೆ ಸ್ವಾಮಿ? ನಾಳೆಗೆ ಬೇಕಾದ ಫಲಕದಲ್ಲಿ ಹೊಸ ಪದದ ಪರೀಕ್ಷೆ ಬೇಡ.

ವಸತಿಯನ್ನು ಹೊರಗಿನದು ಎಂದು ತಳ್ಳುವುದೂ ಸರಿಯಲ್ಲ. ನಮ್ಮ ‘ಬಸದಿ’ ಅದರದೇ ತದ್ಭವ. ನನ್ನ ತಕರಾರು ಬೇರೆ. ವಸತಿಗೃಹ ಅಂದರೆ ಲಾಡ್ಜು, ವಸತಿ ನಿಲಯ ಅಂದರೆ ಹಾಸ್ಟೆಲು. ಅದರ ಮುಂದೆ ‘ಸಾರ್ವಜನಿಕ’ ಸೇರಿಸಿದರೆ ಯಾರು ಬೇಕಾದರೂ ಬಂದು ಒಂದು ರಾತ್ರಿ ತಂಗಬಹುದು ಅನ್ನಿಸುತ್ತದೆ. ‘ಸರ್ಕಾರಿ ಮನೆ’ ಅಂದರೆ ನೌಕರರ ಕ್ವಾರ್ಟರ್ಸ್. ‘ಆಶ್ರಯ ಮನೆ’ಯೂ ಆಗದು, ಅದು ಪಡೆದವರ ಹೆಸರಿಗೇ ಆಗುವ ಮನೆ. ಇಲ್ಲಿ ಮನೆ ನಗರಾಡಳಿತದ್ದೇ, ಇರುವವರು ಬಾಡಿಗೆದಾರರು. ಇಂಗ್ಲೆಂಡಿನಲ್ಲಿ 1980ರ ಕಾಯ್ದೆ ಬಾಡಿಗೆದಾರರಿಗೆ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡ ಮೇಲೆ ಅದು ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಮನೆಯಾಗಿ ಉಳಿಯಲಿಲ್ಲ. ಹಾಗಾಗಿ ‘ಬಾಡಿಗೆ’ ಎಂಬ ಪದ ಫಲಕದಲ್ಲಿ ಇರಲೇಬೇಕು.

ಮರು 3
ಎಲ್ಲರೂ ಮನೆಯಲ್ಲೇ ನಿಂತುಬಿಟ್ಟಿರಿ. ನನಗೆ ಚುಚ್ಚುವುದು ‘ಸಮುದಾಯ’. ಇವತ್ತಿನ ಪತ್ರಿಕೆ ತೆರೆದು ನೋಡಿ. ‘ಸಮುದಾಯದ ಮುಖಂಡರು’, ‘ಸಮುದಾಯಕ್ಕೆ ಟಿಕೆಟ್’. ಅಲ್ಲಿ ಅದರ ಅರ್ಥ ಜಾತಿ, ಬೇರೇನೂ ಅಲ್ಲ. ‘ಸಮುದಾಯ ನಿರ್ಮಾಣ’ ಎಂದು ಬರೆದರೆ ಜಾತಿ ಸಂಘಟನೆ ಎಂದೇ ಓದುತ್ತಾರೆ. ಒಳ್ಳೆಯ ಪದವೊಂದು ಹೀಗೆ ಕೈತಪ್ಪಿದ್ದಕ್ಕೆ ನನಗೆ ನಿಜವಾಗಿ ಬೇಜಾರಿದೆ.

ನಿಮ್ಮ ಪ್ರದರ್ಶನದಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಇದ್ದೇ ಇರುತ್ತದೆ, ಅಲ್ವಾ? 1930ರಲ್ಲಿ ವಿಯೆನ್ನಾ ನಗರ ತೆರೆದದ್ದು. ಒಂದು ಕಿಲೋಮೀಟರಿಗೂ ಉದ್ದ, 1,382 ಮನೆ. ಮನೆಗಳಷ್ಟೇ ಅಲ್ಲ, ಒಟ್ಟಿಗೆ ಬಟ್ಟೆ ಒಗೆಯುವ ಜಾಗ, ಸ್ನಾನದ ಮನೆ, ಶಿಶುವಿಹಾರ, ಗ್ರಂಥಾಲಯ, ದೊಡ್ಡ ಅಂಗಳಗಳು. ಇಂಥ ಕಡೆ ಹುಟ್ಟುವುದಕ್ಕೆ ಕನ್ನಡದಲ್ಲಿ ಹೆಸರಿದೆ: ನೆರೆಹೊರೆ. ಅದನ್ನು ‘ನಿರ್ಮಾಣ’ ಮಾಡಲೂ ಆಗುವುದಿಲ್ಲ. ಆಡಳಿತ ಅಂಗಳ ಕೊಡಬಹುದು. ನೆರೆಹೊರೆ ತಾನಾಗಿ ಬೆಳೆಯಬೇಕು. ಕ್ರಿಯಾಪದ ‘ಬೆಳೆ’ ಇರಲಿ.

ಮರು 4
‘ನೆರೆ’ ಅಂದರೆ ಪ್ರವಾಹವೂ ಹೌದು. ‘ನೆರೆ ಮನೆಗಳು’ ಎಂದು ಮಾತ್ರ ಬರೆಯಬೇಡಿ, ನೆರೆ ಸಂತ್ರಸ್ತರಿಗೆ ಕಟ್ಟಿದ್ದು ಅಂದುಕೊಳ್ಳುತ್ತಾರೆ. ‘ನೆರೆಹೊರೆ’ ಎಂದು ಪೂರ್ತಿ ಬರೆದರೆ ತೊಂದರೆ ಇಲ್ಲ.

ನನ್ನ ಮೆಚ್ಚಿನ ಪದ ‘ಒಕ್ಕಲು’. ಹೊಸ ಮನೆಗೆ ಒಕ್ಕಲಾಗುತ್ತೇವೆ. ಬಡವರನ್ನು ಗುಡಿಸಲಿನಿಂದ ಹೊರಹಾಕಿದರೆ ‘ಒಕ್ಕಲೆಬ್ಬಿಸಿದರು’ ಅನ್ನುತ್ತೇವೆ. ಎಬ್ಬಿಸುವುದಕ್ಕೆ ಪದ ಇನ್ನೂ ಚೆನ್ನಾಗಿ ಬದುಕಿದೆ, ನೆಲೆಗೊಳಿಸುವುದಕ್ಕೆ ಯಾಕೆ ಬೇಡ? ‘ಒಕ್ಕಲು ಮನೆ’ ಎನ್ನಿ.

ಮರು 2
ಬೇಡ. ಒಕ್ಕಲು ಅಂದರೆ ಗೇಣಿ, ಧಣಿ ನೆನಪಾಗುತ್ತದೆ.

ಮರು 1
‘ಊರಾಳ್ವಿಕೆ’ಯನ್ನು ಸುಮ್ನೆ ತಳ್ಳಿಹಾಕಿದ್ದೀರಿ. ಆ ವಿಯೆನ್ನಾ ಕಟ್ಟಡಗಳ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುವುದೇ ‘ಗೆಮೈಂಡೆ ವೀನ್ ಕಟ್ಟಿಸಿದ್ದು’ ಎಂದು. ವೀನ್ ಅಂದರೆ ವಿಯೆನ್ನಾ. ಜರ್ಮನ್ನಿನ ‘ಗೆಮೈಂಡೆ’ ನಗರಾಡಳಿತವೂ ಹೌದು, ಕೂಡಿ ಬಾಳುವ ಜನವೂ ಹೌದು. ನಮ್ಮಲ್ಲಿ ಆ ಎರಡರ ಹತ್ತಿರ ಬರುವ ಪದ ‘ಊರು’. ‘ಊರಿಗೆ ಊರೇ ಬಂದಿತ್ತು’ ಅನ್ನುವಾಗ ಬಂದದ್ದು ಜನ, ಜಾಗ ಅಲ್ಲ. ಇಷ್ಟು ಕಸುವಿನ ಪದ ಕೈಲಿಟ್ಟುಕೊಂಡು ‘ಸ್ಥಳೀಯ’ ಯಾಕೆ ಬೇಕು?

ಮರು 2
‘ಊರು’ ಒಪ್ಪಿದೆ. ‘ಆಳ್ವಿಕೆ’ ಒಪ್ಪುವುದಿಲ್ಲ. ಅದಕ್ಕೆ ರಾಜ ಬೇಕು. ಇನ್ನು ‘ಬಾಡಿಗೆ’ ಕೂಡ ‘ಭಾಟಕ’ದಿಂದ ಬಂದದ್ದು. ಅದನ್ನೂ ತೆಗೆಯುತ್ತೀರಾ? ಮನೆ ಕೇಳಲು ‘ಅರ್ಜಿ’ ಹಾಕಬೇಕು, ಮನೆ ‘ಖಾಲಿ’ ಇರಬೇಕು, ಕಟ್ಟಲು ‘ಜಮೀನು’ ಬೇಕು. ಎಲ್ಲ ಹೊರಗಿನಿಂದ ಬಂದವೇ.

ಮರು 1
ಬಂದು ಒಕ್ಕಲಾದ ಪದಗಳ ತಂಟೆಗೆ ನಾನು ಹೋಗಿಲ್ಲ. ಕಡತದಿಂದ ಎತ್ತಿ ಜನರ ಮೇಲೆ ಹೇರುವ ಪದಗಳ ಬಗ್ಗೆ ಹೇಳಿದ್ದು. ವ್ಯತ್ಯಾಸ ನಿಮಗೆ ಗೊತ್ತಿದೆ.

ಮರು 5
ಈ ಜಗಳಕ್ಕೆ ನಮ್ಮ ಚರ್ಚಾಪಟ್ಟಿಯಲ್ಲಿ ವರ್ಷಪೂರ್ತಿ ಜಾಗ ಇದೆ. ಕೇಳಿದವರಿಗೆ ನಾಳೆ ಸಂಜೆ ಗಡುವು.

ಉಳಿದದ್ದು ‘ಪಾತ್ರ’. ಅದನ್ನು ತೆಗೆಯಿರಿ. ಬ್ರಿಟನ್ನಿನ 1919ರ ವಸತಿ ಕಾಯ್ದೆ ಸ್ಥಳೀಯ ಕೌನ್ಸಿಲ್‌ಗಳಿಗೆ ‘ನಿಮ್ಮದೂ ಒಂದು ಪಾತ್ರ ಇರಲಿ’ ಎನ್ನಲಿಲ್ಲ. ನಿಮ್ಮಲ್ಲಿ ಎಷ್ಟು ಮನೆ ಬೇಕು ಎಂದು ಲೆಕ್ಕ ಹಾಕಿ, ಕಟ್ಟುವ ಯೋಜನೆ ಕೊಡಿ ಎಂದು ವಿಧಿಸಿತು. ಸರ್ಕಾರದ ಸಹಾಯಧನವನ್ನೂ ಸೇರಿಸಿತು. ವಿಯೆನ್ನಾ 1923ರಲ್ಲಿ ಅದಕ್ಕೆಂದೇ ವಸತಿ ತೆರಿಗೆ ಹಾಕಿತು. ದೊಡ್ಡ ಮನೆಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಇದಕ್ಕೆ ಕನ್ನಡದಲ್ಲಿ ‘ಹೊಣೆ’ ಅನ್ನುತ್ತೇವೆ. ‘ಪಾತ್ರ’ ಎಂದು ಬರೆದರೆ ಮಾಡದೆ ಇದ್ದರೂ ನಡೆಯುತ್ತದೆ ಎಂಬ ಧ್ವನಿ ಬರುತ್ತದೆ.

ಪ್ರಶ್ನೆ ಕೇಳಿದವರಿಂದ
ತುಂಬಾ ಉಪಕಾರವಾಯಿತು. ಫಲಕಕ್ಕೆ ಕಳಿಸಿದ್ದು ಇದು: ‘ನಗರವೇ ಕಟ್ಟಿದ ಬಾಡಿಗೆ ಮನೆಗಳು, ಅಲ್ಲಿ ಬೆಳೆದ ನೆರೆಹೊರೆ’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಸೂರಿನ ಹೊಣೆ ಹೊತ್ತ ನಗರಾಡಳಿತಗಳು’. ‘ಊರು’ ಬಿಡಲು ಮನಸ್ಸಿರಲಿಲ್ಲ. ಆದರೆ ‘ಊರ ಮನೆ’ ಎಂದು ಓದಿ ಕೇಳಿಸಿದಾಗ ಎಲ್ಲರೂ ಹಳ್ಳಿಯಲ್ಲಿರುವ ತಂದೆತಾಯಿಯ ಮನೆ ಅಂದುಕೊಂಡರು.

ಒಂದು ಚಿತ್ರದ ಅಡಿಬರಹ ಬಾಕಿ ಇದೆ. ಮನೆಗಾಗಿ ಹೆಸರು ಬರೆಸಿ ಕಾಯುವವರ ‘ವೇಟಿಂಗ್ ಲಿಸ್ಟ್’ಗೆ ಏನು?

ಮರು 1
‘ಸರದಿ ಪಟ್ಟಿ’.

ಮರು 2
ಹೌದು, ಅದೇ.